ಝಕಾತ್: ಲೆಕ್ಕ ಹಾಕುವ ಬಗೆ, ಹಂಗಿಲ್ಲದೆ ಕೊಡುವ ಬಗೆ

ರಮಝಾನ್ ತಿಂಗಳ ಕೊನೆಯ ವಾರದಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಐವತ್ತು, ನೂರರ ನೋಟುಗಳ ಕಟ್ಟನ್ನಿಟ್ಟುಕೊಂಡು, ಬಾಗಿಲಿಗೆ ಬಂದವರಿಗೆಲ್ಲ ಒಂದೊಂದು ಕೊಟ್ಟು, ಕಟ್ಟು ಮುಗಿದ ಮೇಲೆ 'ಈ ವರ್ಷದ ಝಕಾತ್ ಆಯಿತು' ಎಂದು ನಿಟ್ಟುಸಿರು ಬಿಡುವ ವ್ಯಾಪಾರಿಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅವರ ಉದಾರತೆಯನ್ನು ಅನುಮಾನಿಸಬೇಕಾಗಿಲ್ಲ. ಆದರೆ ಅದು ಝಕಾತ್, ಅಂದರೆ ಉಳ್ಳ ಮುಸ್ಲಿಮನು ತನ್ನ ಸಂಪತ್ತಿನಿಂದ ಹಕ್ಕುದಾರರಿಗೆ ಕಡ್ಡಾಯವಾಗಿ ಕೊಡಬೇಕಾದ ಪಾಲು, ಆಯಿತೇ ಎಂಬುದು ಬೇರೆಯೇ ಪ್ರಶ್ನೆ. ಏಕೆಂದರೆ ಎಷ್ಟು ಕೊಡಬೇಕಿತ್ತೆಂದು ಅವರು ಲೆಕ್ಕ ಹಾಕಿರುವುದಿಲ್ಲ, ಪಡೆದವರು ಅದಕ್ಕೆ ಹಕ್ಕುದಾರರೇ ಎಂದು ವಿಚಾರಿಸಿರುವುದೂ ಇಲ್ಲ.

ಕುರ್‌ಆನಿನ 70ನೆಯ ಅಧ್ಯಾಯವು ನಮಾಝಿನಲ್ಲಿ ನಿಷ್ಠರಾದವರನ್ನು ವರ್ಣಿಸುತ್ತ, ಅವರ ಸಂಪತ್ತಿನಲ್ಲಿ ಬೇಡುವವನಿಗೂ ವಂಚಿತನಿಗೂ 'ಗೊತ್ತಾದ ಒಂದು ಹಕ್ಕು' ಇರುತ್ತದೆ ಎನ್ನುತ್ತದೆ. ಹಕ್ಕು ಎಂದಮೇಲೆ ಅದು ಕೊಡುವವನ ಕೃಪೆಯಲ್ಲ. ಗೊತ್ತಾದದ್ದು ಎಂದಮೇಲೆ ಅಂದಾಜಿನ ಮಾತೂ ಅಲ್ಲ. 632ರಲ್ಲಿ ಪ್ರವಾದಿಯವರು ತೀರಿಕೊಂಡ ಬಳಿಕ, ನಮಾಝ್ ಮಾಡುತ್ತೇವೆ, ಝಕಾತ್ ಮಾತ್ರ ಕೊಡುವುದಿಲ್ಲ ಎಂದ ಬುಡಕಟ್ಟುಗಳ ಎದುರು ಮೊದಲ ಖಲೀಫ ಅಬೂಬಕ್ಕರ್ ಅವರು ಒಂದಿಷ್ಟೂ ಬಗ್ಗದೆ ನಿಂತದ್ದು ಈ ಕಾರಣಕ್ಕೇ: ಎರಡನ್ನೂ ಬೇರ್ಪಡಿಸಲು ಅವರು ಒಪ್ಪಲಿಲ್ಲ. ಆದ್ದರಿಂದ ಝಕಾತನ್ನು ದಾನವೆಂದು ಭಾವಿಸದೆ ತೀರಿಸಬೇಕಾದ ಸಾಲವೆಂದು ಭಾವಿಸಿ ಕುಳಿತರೆ ಮುಂದಿನ ಕೆಲಸವೆಲ್ಲ ಸುಲಭವಾಗುತ್ತದೆ. ಸಾಲ ತೀರಿಸುವವನು ಮೊದಲು ಮೊತ್ತವನ್ನು ತಿಳಿದುಕೊಳ್ಳುತ್ತಾನೆ, ಆಮೇಲೆ ಸಾಲ ಕೊಟ್ಟವನ ಮನೆಯನ್ನು ತಾನೇ ಹುಡುಕಿಕೊಂಡು ಹೋಗುತ್ತಾನೆ. ಅವನನ್ನು ತನ್ನ ಅಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲಿಸುವುದಿಲ್ಲ.

ಒಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಕರ್ನಾಟಕದ ಕರಾವಳಿಯ ಬ್ಯಾರಿಗಳು ಮತ್ತು ಭಟ್ಕಳದ ನವಾಯತರು ಶಾಫಿಈ ಮದ್‌ಹಬ್ಬನ್ನು, ಅಂದರೆ ಧರ್ಮಶಾಸ್ತ್ರದ ಪಂಥವನ್ನು, ಅನುಸರಿಸುವವರು; ಬೆಂಗಳೂರು, ಮೈಸೂರು, ಕಲಬುರಗಿ ಮುಂತಾದ ಒಳನಾಡಿನಲ್ಲಿ ಹೆಚ್ಚಿನವರು ಹನಫಿಗಳು. ಝಕಾತಿನ ಮೂಲತತ್ವದಲ್ಲಿ ಎರಡೂ ಒಂದೇ ಆಗಿದ್ದರೂ ವಿವರಗಳಲ್ಲಿ ಗಣನೀಯ ವ್ಯತ್ಯಾಸಗಳಿವೆ. ಮಂಗಳೂರಿನ ಗೆಳೆಯನ ಲೆಕ್ಕವನ್ನು ದಾವಣಗೆರೆಯವನು ಕಣ್ಣುಮುಚ್ಚಿ ನಕಲು ಮಾಡಿದರೆ ಲಕ್ಷಾಂತರ ರೂಪಾಯಿಯ ಆಸ್ತಿ ಲೆಕ್ಕದಿಂದ ಹೊರಗೆ ಉಳಿಯಬಹುದು. ಮುಖ್ಯವಾದ ವ್ಯತ್ಯಾಸಗಳನ್ನು ಅಲ್ಲಲ್ಲಿ ಸೂಚಿಸಿದ್ದೇನೆ. ತೊಡಕಿನ ಸಂದರ್ಭಗಳಲ್ಲಿ ನಿಮ್ಮ ಜಮಾಅತಿನ ಖತೀಬರನ್ನೋ ನಂಬುಗೆಯ ವಿದ್ವಾಂಸರನ್ನೋ ಕೇಳುವುದೇ ಸರಿ.

ಮೊದಲು ದಿನಾಂಕ

ಝಕಾತ್ ಕಡ್ಡಾಯವಾಗುವುದು ಸಂಪತ್ತು 'ನಿಸಾಬ್' ಎಂಬ ಕನಿಷ್ಠ ಮಿತಿಯನ್ನು ಮುಟ್ಟಿ, ಅದರ ಮೇಲೆ ಒಂದು ಚಾಂದ್ರಮಾನ ವರ್ಷ ಕಳೆದಾಗ. ಪ್ರವಾದಿಯವರ ಕಾಲದಲ್ಲಿ ಈ ಮಿತಿ 20 ದೀನಾರ್ ಚಿನ್ನ ಅಥವಾ 200 ದಿರ್ಹಮ್ ಬೆಳ್ಳಿ. ಇಂದಿನ ತೂಕದಲ್ಲಿ ಅದನ್ನು ಸಾಮಾನ್ಯವಾಗಿ 85 ಗ್ರಾಂ ಚಿನ್ನ, 595 ಗ್ರಾಂ ಬೆಳ್ಳಿ ಎಂದು ಎಣಿಸುತ್ತಾರೆ. ಭಾರತದ ಹನಫಿ ವಿದ್ವಾಂಸರು ತೊಲದ ಲೆಕ್ಕದಿಂದ ಬಂದ ಏಳೂವರೆ ತೊಲ ಚಿನ್ನ, ಅಂದರೆ 87.48 ಗ್ರಾಂ, ಮತ್ತು ಐವತ್ತೆರಡೂವರೆ ತೊಲ ಬೆಳ್ಳಿ, ಅಂದರೆ 612.36 ಗ್ರಾಂ, ಎಂಬ ಅಂಕಿಗಳನ್ನು ಬಳಸುತ್ತಾರೆ. ಪ್ರವಾದಿಯವರ ಕಾಲದಲ್ಲಿ ಈ ಎರಡು ಲೋಹಗಳ ಮಿತಿಗಳ ಬೆಲೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಇಂದು ಅವುಗಳ ನಡುವೆ ಅಗಾಧವಾದ ಅಂತರವಿದೆ. ನಗದು ಹಣಕ್ಕೆ ಯಾವುದನ್ನು ಮಾನದಂಡವಾಗಿ ಹಿಡಿಯಬೇಕೆಂಬ ಚರ್ಚೆ ಹುಟ್ಟಿದ್ದು ಅದರಿಂದಲೇ. ಬಡವನಿಗೆ ಹೆಚ್ಚು ಅನುಕೂಲವಾಗುವುದೆಂಬ ಕಾರಣಕ್ಕೆ ಬೆಳ್ಳಿಯನ್ನು ಹಿಡಿಯುವವರು ಹೆಚ್ಚು. ಸಣ್ಣ ಉಳಿತಾಯವುಳ್ಳ ಕೆಳಮಧ್ಯಮ ವರ್ಗದವನೇ ಝಕಾತ್ ಕೊಡುವವನಾಗಿಬಿಡುತ್ತಾನೆ ಎಂಬ ಕಾರಣಕ್ಕೆ ಚಿನ್ನವನ್ನು ಹಿಡಿಯುವ ಆಧುನಿಕ ವಿದ್ವಾಂಸರೂ ಇದ್ದಾರೆ.

ನಿಮ್ಮ ಸಂಪತ್ತು ಮೊದಲ ಬಾರಿಗೆ ಈ ಮಿತಿಯನ್ನು ಮುಟ್ಟಿದ ಹಿಜ್ರಿ ದಿನಾಂಕವನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಅದೇ ನಿಮ್ಮ ಝಕಾತ್ ದಿನ. ಅದು ನೆನಪಿಲ್ಲವಾದರೆ ಒಂದು ದಿನವನ್ನು ನಿಗದಿ ಮಾಡಿಕೊಳ್ಳಿ, ಆದರೆ ಮುಂದೆ ಅದನ್ನು ಬದಲಿಸಬೇಡಿ. ಪುಣ್ಯದ ತಿಂಗಳೆಂದು ರಮಝಾನನ್ನು ಆರಿಸುವುದರಲ್ಲಿ ತಪ್ಪೇನಿಲ್ಲ. ಆದರೆ ಮುಹರ್‍ರಮಿನಲ್ಲಿ ಕೊಡಬೇಕಾದದ್ದನ್ನು ರಮಝಾನಿನವರೆಗೆ ತಡೆದಿಡುವುದು ಸರಿಯಲ್ಲ. ಬೇಕಿದ್ದರೆ ಹಿಂದಿನ ರಮಝಾನಿನಲ್ಲೇ ಮುಂಗಡವಾಗಿ ಕೊಡಬಹುದು.

ಹಿಜ್ರಿ ವರ್ಷದಲ್ಲಿ ಸುಮಾರು 354 ದಿನಗಳು ಮಾತ್ರ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಲೆಕ್ಕಪತ್ರವನ್ನೇ ಆಧಾರವಾಗಿಟ್ಟುಕೊಳ್ಳುವ ವ್ಯಾಪಾರಿ ಪ್ರತಿವರ್ಷ ಹನ್ನೊಂದು ದಿನ ಹಿಂದೆ ಬೀಳುತ್ತಾನೆ. 33 ಸೌರ ವರ್ಷಗಳಲ್ಲಿ 34 ಚಾಂದ್ರಮಾನ ವರ್ಷಗಳು ಕಳೆದಿರುತ್ತವಾದ್ದರಿಂದ, ಅವನು ಅರಿವಿಲ್ಲದೆಯೇ ಒಂದು ವರ್ಷದ ಝಕಾತನ್ನು ನುಂಗಿದಂತಾಗುತ್ತದೆ. ಸೌರ ವರ್ಷವನ್ನು ಬಿಡಲಾಗದವರು ಝಕಾತಿನ ದರವಾದ ಶೇಕಡ 2.5ರ ಬದಲು ಶೇಕಡ 2.577ರಂತೆ ಕೊಟ್ಟರೆ ಈ ಕೊರತೆ ತುಂಬುತ್ತದೆ.

ವರ್ಷದ ನಡುವೆ ಹಣ ಹೆಚ್ಚುಕಡಿಮೆಯಾಗುವುದರ ಬಗ್ಗೆ ಅನೇಕರು ಗೊಂದಲಗೊಳ್ಳುತ್ತಾರೆ. ಹನಫಿಗಳ ಪ್ರಕಾರ ವರ್ಷದ ಮೊದಲಲ್ಲಿ ಮತ್ತು ಕೊನೆಯಲ್ಲಿ ನಿಸಾಬ್ ಇದ್ದರೆ ಸಾಕು, ನಡುವಿನ ಏರಿಳಿತಕ್ಕೆ ಮಹತ್ವವಿಲ್ಲ. ಕೊನೆಯ ದಿನ ಕೈಯಲ್ಲಿರುವಷ್ಟಕ್ಕೂ ಝಕಾತ್. ಪ್ರತಿ ತಿಂಗಳ ಸಂಬಳಕ್ಕೂ ಬೇರೆ ಬೇರೆ ವರ್ಷ ಎಣಿಸುವ ತಾಪತ್ರಯ ಇದರಿಂದ ತಪ್ಪುತ್ತದೆ. ಶಾಫಿಈಗಳಲ್ಲಿಯೂ ಸಂಬಳದಾರರು ಅನುಕೂಲಕ್ಕಾಗಿ ಒಂದೇ ದಿನಕ್ಕೆ ಎಲ್ಲವನ್ನೂ ಸೇರಿಸಿ ಕೊಟ್ಟುಬಿಡುವುದುಂಟು. ವರ್ಷ ತುಂಬದ ಭಾಗವು ಮುಂಗಡವಾಗುತ್ತದೆ, ಅಷ್ಟೆ.

ಯಾವುದು ಲೆಕ್ಕಕ್ಕೆ, ಯಾವುದು ಹೊರಗೆ

ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಬೆಳೆಯುವ ಅಥವಾ ಬೆಳೆಯಬಲ್ಲ ಸಂಪತ್ತಿಗೆ ಝಕಾತ್, ಬಳಸುವ ವಸ್ತುವಿಗೆ ಇಲ್ಲ. ವಾಸದ ಮನೆ, ಓಡಿಸುವ ಕಾರು, ದರ್ಜಿಯ ಹೊಲಿಗೆ ಯಂತ್ರ, ಕಾರ್ಖಾನೆಯ ಯಂತ್ರಗಳು, ಅಂಗಡಿಯ ಕಟ್ಟಡ ಮತ್ತು ಕಪಾಟುಗಳು ಎಷ್ಟೇ ಬೆಲೆಬಾಳಲಿ, ಲೆಕ್ಕಕ್ಕೆ ಬರುವುದಿಲ್ಲ. ಬಾಡಿಗೆಗೆ ಕೊಟ್ಟ ಮನೆಯ ಬೆಲೆಗೂ ಇಲ್ಲ. ಆದರೆ ಬಾಡಿಗೆಯಾಗಿ ಬಂದು ಉಳಿದ ಹಣ ಸೇರುತ್ತದೆ.

ಸೇರುವುದು ಇವು: ಮನೆಯಲ್ಲಿ ಮತ್ತು ಬ್ಯಾಂಕಿನಲ್ಲಿರುವ ಹಣ, ಚಿನ್ನ, ಬೆಳ್ಳಿ, ಮಾರಾಟಕ್ಕಿಟ್ಟ ಸರಕು, ಮರಳಿ ಬರುವ ಭರವಸೆಯಿರುವ ಕೈಸಾಲ, ಚೀಟಿಗೆ ಕಟ್ಟಿದ್ದು ಇನ್ನೂ ಎತ್ತದೆ ಉಳಿದಿರುವ ಹಣ. ಸರಕನ್ನು ಕೊಂಡ ಬೆಲೆಗಲ್ಲ, ಝಕಾತ್ ದಿನದಂದು ಅದು ಮಾರುಕಟ್ಟೆಯಲ್ಲಿ ಬಾಳುವ ಬೆಲೆಗೆ ಲೆಕ್ಕ ಹಿಡಿಯಬೇಕು. ಮೂರು ವರ್ಷದಿಂದ ಕಪಾಟಿನಲ್ಲಿ ಧೂಳು ತಿನ್ನುತ್ತಿರುವ ಸೀರೆಗೆ ಅದರ ಇಂದಿನ ಬೆಲೆಯನ್ನಷ್ಟೇ ಹಾಕಿ. ವಾಪಸು ಬರುವುದೇ ಅನುಮಾನವಾದ ಸಾಲವನ್ನು ಅದು ಕೈಸೇರಿದ ಮೇಲೆ ನೋಡಿಕೊಳ್ಳಬಹುದು. ನೌಕರರ ಸಂಬಳದಿಂದ ಕಡ್ಡಾಯವಾಗಿ ಕಡಿತವಾಗುವ ಭವಿಷ್ಯನಿಧಿಗೆ, ಅದು ಕೈಗೆ ಬರುವವರೆಗೆ ಝಕಾತ್ ಇಲ್ಲವೆಂಬುದು ಭಾರತದ ಅನೇಕ ಹನಫಿ ವಿದ್ವಾಂಸರ ಅಭಿಪ್ರಾಯ. ಬಾಡಿಗೆ ಮನೆಗೆ ಕೊಟ್ಟ ಮುಂಗಡ ಹಣದ ವಿಷಯದಲ್ಲಿ ಭಿನ್ನಾಭಿಪ್ರಾಯವಿದೆ. ಬೆಂಗಳೂರಿನಂಥ ಊರಿನಲ್ಲಿ ಅದು ಸಣ್ಣ ಮೊತ್ತವಲ್ಲವಾದ್ದರಿಂದ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಬ್ಯಾಂಕಿನ ಬಡ್ಡಿ ನಿಮ್ಮ ಸಂಪತ್ತೇ ಅಲ್ಲ. ಅದರಿಂದ ಝಕಾತ್ ಕೊಡುವಂತಿಲ್ಲ. ಪುಣ್ಯದ ಅಪೇಕ್ಷೆಯಿಲ್ಲದೆ ಅದನ್ನು ಬಡವರಿಗೆ ದಾಟಿಸಿ ಕೈತೊಳೆದುಕೊಳ್ಳಬೇಕು.

ಸೈಟುಗಳ ವಿಷಯದಲ್ಲಿ ಉದ್ದೇಶವೇ ನಿರ್ಣಾಯಕ. ಮಗಳಿಗೆ ಮನೆ ಕಟ್ಟಿಸಬೇಕೆಂದು ಕೊಂಡ ನಿವೇಶನಕ್ಕೆ ಝಕಾತ್ ಇಲ್ಲ. ಬೆಲೆ ಏರಿದಾಗ ಮಾರಬೇಕೆಂದೇ ಕೊಂಡದ್ದಾದರೆ ಅದು ಅಂಗಡಿಯ ಸರಕಿನಂತೆ, ಪ್ರತಿವರ್ಷ ಪೂರ್ತಿ ಬೆಲೆಗೆ ಝಕಾತ್ ಬರುತ್ತದೆ. 'ಇರಲಿ, ಮುಂದೆ ನೋಡೋಣ' ಎಂದು ಕೊಂಡದ್ದು ವ್ಯಾಪಾರದ ಸರಕಾಗುವುದಿಲ್ಲ. ಈ ಕೊನೆಯ ವಾಕ್ಯವನ್ನು ಓದಿದೊಡನೆ ತಮ್ಮ ಎಲ್ಲ ಸೈಟುಗಳೂ ಮುಂದೆ ನೋಡುವುದಕ್ಕಾಗಿಯೇ ಕೊಂಡವು ಎಂದು ಕೆಲವರಿಗೆ ನೆನಪಾಗಬಹುದು. ಉದ್ದೇಶವನ್ನು ಬಲ್ಲವನು ಲೆಕ್ಕಪರಿಶೋಧಕನಲ್ಲ ಎಂಬುದನ್ನು ಅವರು ಮರೆಯಬಾರದು.

ಸಾಲದ ವಿಷಯದಲ್ಲಿ ಮದ್‌ಹಬ್‌ಗಳು ಕವಲೊಡೆಯುತ್ತವೆ. ಹನಫಿಗಳು ತಾವು ತೀರಿಸಬೇಕಾದ ಸಾಲವನ್ನು ಕಳೆದು ಉಳಿದದ್ದಕ್ಕೆ ಝಕಾತ್ ಕೊಡುತ್ತಾರೆ. ಇಪ್ಪತ್ತು ವರ್ಷದ ಗೃಹಸಾಲವಿದ್ದರೆ ಪೂರ್ತಿ ಸಾಲವನ್ನಲ್ಲ, ಆ ವರ್ಷದ ಕಂತುಗಳನ್ನು ಮಾತ್ರ ಕಳೆಯಬೇಕೆಂದು ಇಂದಿನ ಹಲವು ವಿದ್ವಾಂಸರು ಹೇಳುತ್ತಾರೆ. ಶಾಫಿಈ ಮದ್‌ಹಬ್ಬಿನ ಪ್ರಬಲ ಅಭಿಪ್ರಾಯದಂತೆ ಸಾಲವು ಝಕಾತಿಗೆ ಅಡ್ಡಿಯಲ್ಲ, ಕೈಯಲ್ಲಿರುವುದಕ್ಕೆ ಕೊಡಲೇಬೇಕು. ಮಕ್ಕಳ ಆಸ್ತಿಯಲ್ಲಿಯೂ ಹೀಗೆಯೇ: ಶಾಫಿಈಗಳಲ್ಲಿ ಅಪ್ರಾಪ್ತ ಮಕ್ಕಳ ಸಂಪತ್ತಿನಿಂದ ಪೋಷಕನು ಝಕಾತ್ ತೆಗೆಯಬೇಕು, ಹನಫಿಗಳಲ್ಲಿ ಬೇಕಿಲ್ಲ.

ಕಪಾಟಿನ ಚಿನ್ನ

ಅತ್ಯಂತ ಹೆಚ್ಚು ತಪ್ಪುಗಳಾಗುವುದು ಮನೆಯ ಹೆಂಗಸರ ಒಡವೆಗಳ ವಿಷಯದಲ್ಲಿ. ಮೊದಲ ತಪ್ಪು ಒಡೆತನದ್ದು. ಇಸ್ಲಾಮಿನಲ್ಲಿ ಹೆಂಡತಿಯ ಆಸ್ತಿ ಹೆಂಡತಿಯದೇ; ಮದುವೆಯಲ್ಲಿ ಗಂಡನಿಂದ ಮಹ್ರ್ ಆಗಿ ಬಂದದ್ದು, ತವರಿನಿಂದ ಬಂದದ್ದು, ಅವಳೇ ದುಡಿದು ಕೊಂಡದ್ದು ಯಾವುದರ ಮೇಲೂ ಗಂಡನಿಗೆ ಒಡೆತನವಿಲ್ಲ. ಆದ್ದರಿಂದ ಅದರ ಝಕಾತಿನ ಹೊಣೆಯೂ ಅವಳದೇ. ಅವಳ ಪರವಾಗಿ, ಅವಳ ಒಪ್ಪಿಗೆಯಿಂದ ಗಂಡ ಕೊಡಬಹುದು, ಆದರೆ ಇಬ್ಬರ ಲೆಕ್ಕವನ್ನು ಕಲಸುವಂತಿಲ್ಲ. ಮನೆಯ ಯಜಮಾನನೊಬ್ಬ ಕುಳಿತು ಇಡೀ ಕುಟುಂಬದ ಆಸ್ತಿಯನ್ನು ತನ್ನದೆಂಬಂತೆ ಕೂಡಿಸಿ ಕಳೆಯುವ ಪದ್ಧತಿ ಧಾರಾಳವಾಗಿದೆ. ಅದು ಲೆಕ್ಕದ ತಪ್ಪಾಗಿರುವಂತೆಯೇ ಹೆಣ್ಣಿನ ಹಕ್ಕನ್ನು ಮರೆತ ತಪ್ಪೂ ಹೌದು.

ಎರಡನೆಯದು ಮದ್‌ಹಬ್ಬಿನ ವ್ಯತ್ಯಾಸ. ಯಮನ್‌ನ ಒಬ್ಬ ಹೆಂಗಸು ಮಗಳ ಕೈಗೆ ಎರಡು ದಪ್ಪ ಚಿನ್ನದ ಬಳೆ ತೊಡಿಸಿಕೊಂಡು ಬಂದಾಗ, ಇದರ ಝಕಾತ್ ಕೊಡುತ್ತೀಯಾ ಎಂದು ಪ್ರವಾದಿಯವರು ಕೇಳಿದರೆಂಬ ಹದೀಸನ್ನು, ಅಂದರೆ ಪ್ರವಾದಿಯವರ ನಡೆನುಡಿಯ ವರದಿಯನ್ನು, ಹನಫಿಗಳು ಆಧಾರವಾಗಿ ಹಿಡಿಯುತ್ತಾರೆ. ಅವರ ಪ್ರಕಾರ ಚಿನ್ನ ಬೆಳ್ಳಿ ಯಾವ ರೂಪದಲ್ಲಿದ್ದರೂ, ತೊಟ್ಟರೂ ಕಪಾಟಿನಲ್ಲಿಟ್ಟರೂ, ಝಕಾತ್ ಇದೆ. ಇನ್ನೊಂದೆಡೆ ಪ್ರವಾದಿಯವರ ಪತ್ನಿ ಆಯಿಶಾ ಅವರು ತಮ್ಮ ಆಶ್ರಯದಲ್ಲಿದ್ದ ಅನಾಥ ಸೋದರ ಪುತ್ರಿಯರ ಒಡವೆಗಳಿಗೆ ಝಕಾತ್ ತೆಗೆಯುತ್ತಿರಲಿಲ್ಲ ಎಂಬ ವರದಿಯಿದೆ. ಸಂಪ್ರದಾಯದ ಮಿತಿಯೊಳಗೆ ತೊಡುವ ಒಡವೆಗೆ ಝಕಾತ್ ಇಲ್ಲವೆಂಬ ಶಾಫಿಈ ನಿಲುವಿಗೆ ಇದೂ ಒಂದು ಆಧಾರ. ಆದರೆ 'ತೊಡುವ' ಎಂಬ ಮಾತಿಗೆ ಒತ್ತು ಇದೆ. ಕಷ್ಟಕಾಲಕ್ಕಿರಲಿ ಎಂದು ಕೊಂಡಿಟ್ಟ ಚಿನ್ನದ ನಾಣ್ಯ, ಗಟ್ಟಿ, ಯಾರೂ ತೊಡದ ಹೂಡಿಕೆಯ ಬಳೆಗಳಿಗೆ ಶಾಫಿಈಗಳಲ್ಲಿಯೂ ವಿನಾಯಿತಿ ಇಲ್ಲ.

ಹನಫಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹೆಣ್ಣೊಬ್ಬಳ ಬಳಿ 80 ಗ್ರಾಂ ಚಿನ್ನ ಮಾತ್ರ ಇದ್ದು, ಉಳಿಸಿದ ಹಣವಾಗಲಿ ಬೆಳ್ಳಿಯಾಗಲಿ ಸ್ವಲ್ಪವೂ ಇಲ್ಲದಿದ್ದರೆ, ಅದು ಏಳೂವರೆ ತೊಲಕ್ಕಿಂತ ಕಡಿಮೆಯಾದ್ದರಿಂದ ಝಕಾತ್ ಇಲ್ಲ. ಅದೇ ಚಿನ್ನದ ಜೊತೆ ಒಂದು ಜೊತೆ ಬೆಳ್ಳಿ ಕಾಲ್ಗೆಜ್ಜೆಯೋ ಬ್ಯಾಂಕಿನಲ್ಲಿ ಐದು ಸಾವಿರ ರೂಪಾಯಿಯ ಉಳಿತಾಯವೋ ಇದ್ದರೆ, ಎಲ್ಲವನ್ನೂ ಸೇರಿಸಿ ಬೆಳ್ಳಿಯ ನಿಸಾಬಿನೊಂದಿಗೆ ತೂಗಬೇಕಾಗುತ್ತದೆ. ಆಗ ಮೊತ್ತ ಮಿತಿಯನ್ನು ದಾಟಿ ಇಡೀ ಚಿನ್ನಕ್ಕೂ ಝಕಾತ್ ಬರುತ್ತದೆ. ಒಡವೆಯ ಬೆಲೆ ಕಟ್ಟುವಾಗ ಅದರ ಕ್ಯಾರೆಟ್‌ಗೆ ತಕ್ಕ ಅಂದಿನ ದರವನ್ನು ಹಿಡಿಯಿರಿ. ಕೂಲಿ ಮತ್ತು ಕಲ್ಲುಗಳ ಬೆಲೆಯನ್ನು ಬಿಡಿ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಬಟ್ಟೆ ವ್ಯಾಪಾರಿಯೊಬ್ಬನ ಬಳಿ ಝಕಾತ್ ದಿನ 3 ಲಕ್ಷ ರೂಪಾಯಿ ನಗದು, ಅಂದಿನ ಬೆಲೆಗೆ 8 ಲಕ್ಷದ ಸರಕು, ಗಿರಾಕಿಗಳಿಂದ ಬರಬೇಕಾದ ಒಂದೂವರೆ ಲಕ್ಷ ಇದೆ. ಸಗಟು ವ್ಯಾಪಾರಿಗೆ ಅವನು ಕೊಡಬೇಕಾದದ್ದು 2 ಲಕ್ಷ. ಅವನು ಹನಫಿಯಾದರೆ ಹನ್ನೆರಡೂವರೆ ಲಕ್ಷದಲ್ಲಿ 2 ಲಕ್ಷ ಕಳೆದು ಉಳಿದ ಹತ್ತೂವರೆ ಲಕ್ಷದ ನಲವತ್ತರಲ್ಲೊಂದು ಪಾಲು, ಅಂದರೆ 26,250 ರೂಪಾಯಿ ಕೊಡಬೇಕು. ಶಾಫಿಈಯಾದರೆ ಸಾಲ ಕಳೆಯದೆ 31,250 ರೂಪಾಯಿ. ಅವನ ಹೆಂಡತಿಯ ಬಳಿ 80 ಗ್ರಾಂ ಒಡವೆಯೂ 20,000 ರೂಪಾಯಿ ಉಳಿತಾಯವೂ ಇದ್ದು, ಲೆಕ್ಕದ ಸುಲಭಕ್ಕೆ ಗ್ರಾಂ ಒಂದಕ್ಕೆ 10,000 ರೂಪಾಯಿ ಎಂದು ಹಿಡಿದರೆ, ಹನಫಿ ಲೆಕ್ಕದಲ್ಲಿ ಅವಳ ಸಂಪತ್ತು 8,20,000 ರೂಪಾಯಿ, ಝಕಾತ್ 20,500 ರೂಪಾಯಿ. ಶಾಫಿಈ ಲೆಕ್ಕದಲ್ಲಿ ಅವೇ ಒಡವೆಗಳನ್ನು ಅವಳು ತೊಡುತ್ತಿದ್ದರೆ ಅವಕ್ಕೆ ಏನೂ ಇಲ್ಲ.

ಗದ್ದೆ ಮತ್ತು ತೋಟ

ಬೆಳೆಗೆ ವರ್ಷ ತುಂಬುವ ಷರತ್ತಿಲ್ಲ. ಕೊಯ್ಲಿನ ದಿನವೇ ಅದರ ಹಕ್ಕನ್ನು ಕೊಡಿ ಎಂದು ಕುರ್‌ಆನಿನ 6ನೆಯ ಅಧ್ಯಾಯ ಹೇಳುತ್ತದೆ. ಮಳೆಯಾಶ್ರಿತ ಬೆಳೆಯಲ್ಲಿ ಹತ್ತರಲ್ಲೊಂದು, ಪಂಪ್‌ಸೆಟ್ಟಿನಂಥ ಖರ್ಚಿನ ನೀರಾವರಿಯಲ್ಲಿ ಇಪ್ಪತ್ತರಲ್ಲೊಂದು ಪಾಲು. ಶಾಫಿಈಗಳಲ್ಲಿ ಇದು ಭತ್ತ, ಗೋಧಿಯಂಥ ದಾಸ್ತಾನಿಡಬಲ್ಲ ಮುಖ್ಯ ಆಹಾರಕ್ಕೆ ಮತ್ತು ಖರ್ಜೂರ, ದ್ರಾಕ್ಷಿಗಳಿಗೆ ಮಾತ್ರ. ಮಿತಿ ಹಳೆಯ ಅರಬ್ಬಿ ಅಳತೆಯಲ್ಲಿ 300 ಸಾಅ್, ಶುದ್ಧಗೊಳಿಸಿದ ಧಾನ್ಯದಲ್ಲಿ ಸುಮಾರು 650 ಕಿಲೋ ಎಂದು ಎಣಿಸುವುದುಂಟು. ಹೊಟ್ಟಿನೊಳಗಿರುವ ಭತ್ತಕ್ಕೆ ಅದರ ಎರಡರಷ್ಟು. ಹೀಗಾಗಿ ಕರಾವಳಿಯ ಶಾಫಿಈ ಬೆಳೆಗಾರನ ಅಡಿಕೆ, ತೆಂಗು, ಕಾಳುಮೆಣಸಿಗೆ ಬೆಳೆಯ ಝಕಾತ್ ಇಲ್ಲ, ಮಾರಿದ ಹಣ ಉಳಿದು ವರ್ಷ ತುಂಬಿದರೆ ಹಣದ ಝಕಾತ್. ಇಮಾಮ್ ಅಬೂ ಹನೀಫಾ ಅವರ ಅಭಿಪ್ರಾಯದಲ್ಲಿ ಎಲ್ಲ ಬೆಳೆಗೂ ಪಾಲು ಇದೆ. ಆದರೆ ಭಾರತದ ಭೂಮಿಗೆ ಆ ನಿಯಮ ಅನ್ವಯವಾಗುತ್ತದೆಯೇ ಎಂಬುದು ಹನಫಿ ವಿದ್ವಾಂಸರಲ್ಲಿ ಹಳೆಯ ಚರ್ಚೆ. ಮಲೆನಾಡಿನ ತೋಟದವರು ಕೇಳಿಯೇ ನಿರ್ಧರಿಸಬೇಕು.

ಯಾರ ಹಕ್ಕು

ಕುರ್‌ಆನಿನ 9ನೆಯ ಅಧ್ಯಾಯದ 60ನೆಯ ವಚನ ಎಂಟು ವರ್ಗಗಳನ್ನು ಹೆಸರಿಸುತ್ತದೆ: ಬಡವರು, ದೀನರು, ಝಕಾತ್ ಸಂಗ್ರಹಿಸಿ ಹಂಚುವ ನೌಕರರು, ಮನವೊಲಿಸಬೇಕಾದವರು, ದಾಸ್ಯದಿಂದ ಬಿಡುಗಡೆ ಹೊಂದಬೇಕಾದವರು, ಸಾಲದಲ್ಲಿ ಮುಳುಗಿದವರು, ಅಲ್ಲಾಹನ ಮಾರ್ಗದಲ್ಲಿರುವವರು, ದಾರಿಯಲ್ಲಿ ಕೈಬರಿದಾದ ಪ್ರಯಾಣಿಕರು. ಮಸೀದಿಯ ಗೋಡೆ, ಮಿನಾರು, ರಸ್ತೆ ಇವುಗಳಲ್ಲಿಲ್ಲ. ಬಹುಪಾಲು ವಿದ್ವಾಂಸರ ಪ್ರಕಾರ ಅವಕ್ಕೆ ಝಕಾತಿನ ಹಣ ಸಲ್ಲದು. ಹನಫಿಗಳಲ್ಲಿ ಬಡವನಿಗೆ ವಸ್ತುವಿನ ಒಡೆತನವೇ ದಾಟಬೇಕು. ಹಾಗಾಗಿ ಅಕ್ಕಿಯ ಮೂಟೆಯನ್ನು ಅವನಿಗೆ ಒಪ್ಪಿಸಿದರೆ ಝಕಾತ್. ಅದೇ ಅಕ್ಕಿಯಲ್ಲಿ ಬಿರಿಯಾನಿ ಮಾಡಿ ಇಫ್ತಾರ್ ಕೂಟದಲ್ಲಿ ಕೂರಿಸಿ ಬಡಿಸಿದರೆ ಅಲ್ಲ.

ಬಡವನೆಂದರೆ ಬೇಡುವವನೇ ಎಂದು ತಿಳಿಯುವುದು ದೊಡ್ಡ ತಪ್ಪು. ಒಂದೆರಡು ತುತ್ತಿಗೋ ಒಂದೆರಡು ಖರ್ಜೂರಕ್ಕೋ ಮನೆಮನೆ ಅಲೆಯುವವನು ನಿಜವಾದ ದೀನನಲ್ಲ. ಬದುಕಿಗೆ ಸಾಲುವಷ್ಟಿಲ್ಲದೆಯೂ ಯಾರ ಗಮನಕ್ಕೂ ಬಾರದೆ, ಯಾರನ್ನೂ ಕೇಳದೆ ಇರುವವನೇ ದೀನ ಎಂಬ ಅರ್ಥದ ಪ್ರವಾದಿ ವಚನವಿದೆ. ಕುರ್‌ಆನಿನ 2ನೆಯ ಅಧ್ಯಾಯವೂ, ಅವರ ಸಂಯಮವನ್ನು ಕಂಡು ತಿಳಿಯದವನು ಅವರನ್ನು ಅನುಕೂಲಸ್ಥರೆಂದೇ ಭಾವಿಸುತ್ತಾನೆ ಎನ್ನುತ್ತದೆ. ಶಾಫಿಈ ವ್ಯಾಖ್ಯಾನದಂತೆ ಖರ್ಚಿನ ಅರ್ಧದಷ್ಟೂ ಆದಾಯವಿಲ್ಲದವನು ಬಡವ. ಅರ್ಧ ದಾಟಿಯೂ ಸಾಲದವನು ದೀನ. ಹಾಗಾದರೆ ತಿಂಗಳಿಗೆ ಹದಿನೈದು ಸಾವಿರ ದುಡಿದು, ಬಾಡಿಗೆ, ಔಷಧ, ಶಾಲಾ ಶುಲ್ಕಕ್ಕೆ ಇಪ್ಪತ್ತು ಸಾವಿರ ಬೇಕಾಗಿರುವ ಆಟೋ ಚಾಲಕನೂ ಈ ಎಂಟರಲ್ಲಿ ಒಬ್ಬ. ಇಸ್ತ್ರಿ ಹಾಕಿದ ಅಂಗಿ ತೊಟ್ಟು ಶುಕ್ರವಾರ ನಿಮ್ಮ ಪಕ್ಕದಲ್ಲೇ ನಿಂತು ನಮಾಝ್ ಮಾಡುವವನೂ ಆಗಿರಬಹುದು.

ಸಾಲದವರ ವರ್ಗವನ್ನು ನಾವು ಏಕೋ ಮರೆತೇಬಿಟ್ಟಿದ್ದೇವೆ. ಸಣ್ಣ ಸಾಲ ಕೊಡುವವರ ಕಿರುಕುಳ ತಾಳಲಾರದೆ ಕುಟುಂಬಗಳು ಊರು ಬಿಟ್ಟದ್ದನ್ನು ಕಂಡು 2025ರಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹತ್ತು ಜನರ ಝಕಾತ್ ಸೇರಿದರೆ ಅಂಥ ಒಂದು ಮನೆಯ ಕೊರಳಿನ ಕುಣಿಕೆ ಬಿಚ್ಚಬಹುದು. ಆದರೆ ಒಂದು ಎಚ್ಚರ: ಬಡವನೊಬ್ಬ ನಿಮಗೇ ಬಾಕಿಯಿದ್ದರೆ, 'ಆ ಸಾಲ ಮನ್ನಾ, ಅದೇ ನನ್ನ ಝಕಾತ್' ಎನ್ನುವುದನ್ನು ಹೆಚ್ಚಿನ ವಿದ್ವಾಂಸರು ಒಪ್ಪುವುದಿಲ್ಲ. ಝಕಾತನ್ನು ಯಾವ ಷರತ್ತೂ ಇಲ್ಲದೆ ಅವನ ಕೈಗೆ ಕೊಡಿ. ಅದರಿಂದ ಅವನು ನಿಮ್ಮ ಸಾಲ ತೀರಿಸುತ್ತಾನೋ ಮಗುವಿಗೆ ಔಷಧ ತರುತ್ತಾನೋ ಅವನಿಗೆ ಬಿಟ್ಟದ್ದು.

ತಂದೆತಾಯಿ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಮತ್ತು ಹೆಂಡತಿಗೆ ಝಕಾತ್ ಕೊಡುವಂತಿಲ್ಲ. ಅವರನ್ನು ಸಾಕುವುದು ಹೇಗಿದ್ದರೂ ನಿಮ್ಮ ಹೊಣೆ. ಬಡ ಅಣ್ಣತಮ್ಮ, ಅಕ್ಕತಂಗಿ, ಅತ್ತೆ, ಚಿಕ್ಕಪ್ಪಂದಿರಿಗೆ ಕೊಡಬಹುದು, ಕೊಡಬೇಕಾದದ್ದೂ ಮೊದಲು ಅವರಿಗೇ. ಅದರಲ್ಲಿ ಎರಡು ಪುಣ್ಯವಿದೆ, ಒಂದು ಕೊಟ್ಟದ್ದಕ್ಕೆ, ಇನ್ನೊಂದು ನಂಟನ್ನು ಉಳಿಸಿದ್ದಕ್ಕೆ ಎಂದು ಹದೀಸ್ ಹೇಳುತ್ತದೆ. ದುಡಿಯುವ ಹೆಂಡತಿ ಬಡ ಗಂಡನಿಗೆ ಕೊಡುವುದನ್ನು ಶಾಫಿಈಗಳು ಒಪ್ಪುತ್ತಾರೆ, ಅಬೂ ಹನೀಫಾ ಒಪ್ಪುವುದಿಲ್ಲ. ಅನ್ಯಧರ್ಮೀಯ ನೆರೆಯವನಿಗೆ ಕಡ್ಡಾಯ ಝಕಾತಿನಿಂದ ಸಾಮಾನ್ಯವಾಗಿ ಕೊಡುವುದಿಲ್ಲವೆಂಬುದನ್ನು ನೆಪ ಮಾಡಿಕೊಂಡು ಕೈ ಹಿಂದೆಗೆಯುವವರಿದ್ದಾರೆ. ಸದಕಾ ಎಂಬ ಐಚ್ಛಿಕ ದಾನಕ್ಕೆ ಆ ಗಡಿಯಿಲ್ಲ. ಬಾಗಿಲಲ್ಲಿ ಬೇಡುತ್ತಿದ್ದ ಮುದಿ ಯಹೂದಿಯೊಬ್ಬನನ್ನು ಕಂಡು, ಯೌವನದಲ್ಲಿ ಇವನಿಂದ ತೆರಿಗೆ ಪಡೆದು ಮುಪ್ಪಿನಲ್ಲಿ ಕೈಬಿಟ್ಟರೆ ನಾವು ನ್ಯಾಯವಂತರಲ್ಲ ಎಂದು ಖಲೀಫ ಉಮರ್ ಅವರು ಬೊಕ್ಕಸದಿಂದ ವೇತನ ಕೊಡಿಸಿದರೆಂಬ ವರದಿಯಿದೆ.

ಎಷ್ಟು ಜನರಿಗೆ ಹಂಚಬೇಕು? 'ಕೊಟ್ಟರೆ ಸಾಕಾಗುವಷ್ಟು ಕೊಡಿ' ಎಂಬ ಅರ್ಥದ ಉಮರ್ ಅವರ ಮಾತನ್ನು ಇಲ್ಲಿ ನೆನೆಯಬೇಕು. 13ನೆಯ ಶತಮಾನದ ಶಾಫಿಈ ವಿದ್ವಾಂಸ ನವವಿ ಅವರು ಇದನ್ನು ಕಸುಬಿನ ಲೆಕ್ಕದಲ್ಲೇ ವಿವರಿಸಿದ್ದಾರೆ: ಕುಶಲಕರ್ಮಿಗೆ ಅವನ ಉಪಕರಣ ಕೊಳ್ಳುವಷ್ಟು, ವ್ಯಾಪಾರಿಗೆ ಅವನ ಬಂಡವಾಳದಷ್ಟು, ಸೊಪ್ಪು ಮಾರುವವನಿಗೆ ಐದು ದಿರ್ಹಮ್ ಸಾಕಾದರೆ ರತ್ನ ವ್ಯಾಪಾರಿಗೆ ಹತ್ತು ಸಾವಿರ. ಏಳುನೂರು ವರ್ಷಗಳ ಹಿಂದಿನ ಈ ಪಟ್ಟಿಯ ಎದುರು ನಮ್ಮ ಐವತ್ತರ ನೋಟುಗಳ ಕಟ್ಟು ತೀರಾ ಸಣ್ಣದಾಗಿ ಕಾಣುತ್ತದೆ. 26,250 ರೂಪಾಯಿಯನ್ನು 525 ಜನರಿಗೆ ಹಂಚಿದರೆ ಯಾರ ಬಡತನವೂ ಒಂದು ಸಂಜೆಯಾಚೆ ಕದಲುವುದಿಲ್ಲ. ಒಬ್ಬ ವಿಧವೆಗೆ ಹೊಲಿಗೆ ಯಂತ್ರ ಮತ್ತು ಮೊದಲ ಥಾನು ಬಟ್ಟೆ ಕೊಟ್ಟರೆ ಮುಂದಿನ ವರ್ಷ ಆ ಮನೆಯ ಹೆಸರು ನಿಮ್ಮ ಪಟ್ಟಿಯಲ್ಲಿ ಬೇಕಾಗದೆ ಹೋಗಬಹುದು.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕರಾವಳಿಯವರು ಊರಿಗೆ ಝಕಾತ್ ಕಳುಹಿಸುವ ಮೊದಲು ಒಮ್ಮೆ ವಿಚಾರಿಸಬೇಕು. ಸಂಪತ್ತಿರುವ ಊರಿನಲ್ಲಿ ಹಕ್ಕುದಾರರಿರುವಾಗ ಹೊರಗೆ ಸಾಗಿಸಬಾರದೆಂಬುದು ಶಾಫಿಈ ಮದ್‌ಹಬ್ಬಿನ ಪ್ರಬಲ ಅಭಿಪ್ರಾಯ. ಹನಫಿಗಳು ಬಂಧುಗಳಿಗೆ ಅಥವಾ ಹೆಚ್ಚು ಬಡವರಿಗಾಗಿ ಒಪ್ಪುತ್ತಾರೆ.

ಕೊಡುವ ಕೈ

ಲೆಕ್ಕ ಮುಗಿಯಿತು, ಹೆಸರುಗಳೂ ಸಿಕ್ಕವು. ಇನ್ನುಳಿದದ್ದು ಕೊಡುವುದು. ಕುರ್‌ಆನಿನ 2ನೆಯ ಅಧ್ಯಾಯ ಇದರ ಬಗ್ಗೆ ಸುದೀರ್ಘವಾಗಿ ಹೇಳುತ್ತ, ಹಂಗಿಸಿ, ನೋಯಿಸಿ ನಿಮ್ಮ ದಾನವನ್ನು ನಿಷ್ಫಲಗೊಳಿಸಬೇಡಿ ಎಂದು ಎಚ್ಚರಿಸುತ್ತದೆ. ನೋವು ಬೆನ್ನಟ್ಟಿ ಬರುವ ದಾನಕ್ಕಿಂತ ಒಂದು ಒಳ್ಳೆಯ ಮಾತು ಮೇಲು ಎನ್ನುತ್ತದೆ. ಅಲ್ಲಿನ 'ಮನ್ನ್' ಎಂಬ ಅರಬ್ಬಿ ಪದಕ್ಕೆ ಕನ್ನಡದಲ್ಲಿ 'ಹಂಗು' ಎಂಬುದಕ್ಕಿಂತ ಹತ್ತಿರದ ಪದ ಇನ್ನೊಂದಿಲ್ಲ. ಹಂಗಿಸುವುದಕ್ಕೆ ಬಾಯಿಯೇ ಬೇಕೆಂದಿಲ್ಲ. ಕಿಟ್ ಹಿಡಿದ ವಿಧವೆಯ ಪಕ್ಕದಲ್ಲಿ ಐದು ಜನ ನಿಂತು ತೆಗೆಸಿಕೊಂಡ ಫೋಟೊ ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿದರೆ, ಅವಳ ಮಗ ಶಾಲೆಯಲ್ಲಿ ಅದರ ಹಂಗನ್ನು ವರ್ಷವಿಡೀ ಹೊರುತ್ತಾನೆ. ಸಂಘಸಂಸ್ಥೆಗಳಿಗೆ ಲೆಕ್ಕ ತೋರಿಸುವ ಅಗತ್ಯವಿರುವುದು ನಿಜ. ಅದಕ್ಕೆ ರಶೀದಿ ಸಾಕು, ಮುಖ ಬೇಕಿಲ್ಲ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬುದು ನಮ್ಮಲ್ಲಿ ಎಲ್ಲರೂ ಆಡುವ ಮಾತು; ಪ್ರವಾದಿಯವರ ಹದೀಸಿನಲ್ಲಿಯೂ ಅದೇ ಇದೆ. ಇದು ಝಕಾತ್ ಎಂದು ಪಡೆಯುವವನಿಗೆ ಹೇಳುವ ಅಗತ್ಯವಿಲ್ಲ. ನಿಯ್ಯತ್ತು, ಅಂದರೆ ಮನಸ್ಸಿನ ಸಂಕಲ್ಪ, ನಿಮ್ಮೊಳಗಿದ್ದರೆ ಸಾಕು. ಅವನ ಮಕ್ಕಳಿಗೆ ಹಬ್ಬದ ಉಡುಗೊರೆಯೆಂಬ ರೀತಿಯಲ್ಲಿ ಕೊಡಬಹುದು, ಬ್ಯಾಂಕ್ ಖಾತೆಗೆ ಸದ್ದಿಲ್ಲದೆ ಹಾಕಬಹುದು. ವಸ್ತುವಾಗಿ ಕೊಡುವಾಗ, ನಿಮಗೇ ಯಾರಾದರೂ ಕೊಟ್ಟರೆ ಕಣ್ಣುಮುಚ್ಚಿಕೊಂಡಲ್ಲದೆ ತೆಗೆದುಕೊಳ್ಳಲಾರದಂಥ ಕಳಪೆಯನ್ನು ಆರಿಸಬೇಡಿ ಎಂದೂ ಅದೇ ಅಧ್ಯಾಯ ಹೇಳುತ್ತದೆ. ಬಣ್ಣ ಬಿಡುವ ಸೀರೆಗಳ ಕಟ್ಟನ್ನು ಸಗಟಿನಲ್ಲಿ ಕೊಳ್ಳುವ ಮೊದಲು ಅದರಲ್ಲೊಂದನ್ನು ನಿಮ್ಮ ಮನೆಯವರು ಉಡುತ್ತಾರೆಯೇ ಎಂದು ಕೇಳಿ ನೋಡಿ.

11ನೆಯ ಶತಮಾನದ ವಿದ್ವಾಂಸ ಗಝ್ಝಾಲಿ ಅವರು ಹಿಂದಿನವರ ಒಂದು ರೂಢಿಯನ್ನು ಬರೆದಿಟ್ಟಿದ್ದಾರೆ. ಕೆಲವರು ಹಣವನ್ನು ಬಡವನ ಮುಂದಿಟ್ಟು, ಸ್ವೀಕರಿಸಬೇಕೆಂದು ತಾವೇ ಬೇಡುವವರಂತೆ ನಿಲ್ಲುತ್ತಿದ್ದರಂತೆ. ಇನ್ನು ಕೆಲವರು ಅಂಗೈಯಲ್ಲಿ ಹಣವಿಟ್ಟು ಕೈಚಾಚುತ್ತಿದ್ದರಂತೆ, ಎತ್ತಿಕೊಳ್ಳುವಾಗ ಬಡವನ ಕೈ ಮೇಲಾಗಲಿ ಎಂದು. ನಿಮ್ಮ ಹೆಗಲ ಮೇಲಿನ ಹೊಣೆಯನ್ನು ಇಳಿಸಿಕೊಟ್ಟವನು ಅವನು, ಉಪಕಾರ ಅವನದು ಎಂಬುದು ಗಝ್ಝಾಲಿಯವರ ತರ್ಕ.

ಕೊಟ್ಟ ಮೇಲೆ ಅದೇ ನೋಟುಪುಸ್ತಕದಲ್ಲಿ ದಿನಾಂಕ, ಒಟ್ಟು ಆಸ್ತಿ, ಬಂದ ಝಕಾತ್, ಕೊಟ್ಟದ್ದು, ಉಳಿದದ್ದು ಬರೆಯಿರಿ. ಪಡೆದವರ ಹೆಸರು ಬೇಡ. ಹಿಂದಿನ ವರ್ಷಗಳಲ್ಲಿ ಬಿಟ್ಟುಹೋದದ್ದಿದ್ದರೆ ಅಂದಾಜು ಮಾಡಿ ಅದನ್ನೂ ಬಾಕಿಯಾಗಿ ಸೇರಿಸಿ. ವರ್ಷ ಕಳೆದುದರಿಂದ ಅದು ಮಾಫಿಯಾಗುವುದಿಲ್ಲ. ಶಾಫಿಈಗಳಲ್ಲಿ ಸತ್ತವನ ಬಾಕಿ ಝಕಾತನ್ನು ಆಸ್ತಿ ಪಾಲಾಗುವ ಮೊದಲೇ ತೆಗೆಯಬೇಕು. ಹನಫಿಗಳಲ್ಲಿ ಅವನು ವಸಿಯ್ಯತ್, ಅಂದರೆ ಉಯಿಲು, ಮಾಡಿದ್ದರೆ ಮಾತ್ರ, ಅದೂ ಆಸ್ತಿಯ ಮೂರರಲ್ಲೊಂದು ಪಾಲಿನೊಳಗಿಂದ. ಆದ್ದರಿಂದ ಆ ಪುಸ್ತಕ ಎಲ್ಲಿದೆಯೆಂಬುದು ಮನೆಯ ಒಬ್ಬರಿಗಾದರೂ ಗೊತ್ತಿರಲಿ. ಬಾಕಿಯ ಮೊತ್ತವನ್ನು ಅದರಲ್ಲಿ ದಾನಧರ್ಮದ ಪುಟದಲ್ಲಲ್ಲ, ಸಗಟು ವ್ಯಾಪಾರಿಗೆ ಕೊಡಬೇಕಾದ ಸಾಲ ಬರೆಯುವ ಪುಟದಲ್ಲೇ ಬರೆದಿಡಿ.